ಪಾದಶಹನ ಮುಖ ನೋಡಿ ಉಣ್ಣುತ್ತಿದ್ದವನು

“ಅಜ್ಜಾರ, ನಿಮ್ಮ ನಂತರ ಈ ಮಠದಾಗ ನಿಮ್ಮದು ಅಂತ ನಾ ಏನು ಉಳಿಸ್ಕೊಂಡು ಹೋಗಬೇಕ್ರಿ?” ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಮಡಿವಾಳಯ್ಯ. ಗುರುಗಳಿಗೆ ವಯಸ್ಸಾಗಿತ್ತು. ಮುಂದಿನ ಪಟ್ಟ ಅವನಿಗೇ ಎಂದು ಊರ ಹಿರಿಯರು ಮಾತಾಡಿಕೊಂಡಿದ್ದರು. ಆ ಮಾತು ಅವನ ಕಿವಿಗೂ ಬಿದ್ದಿತ್ತು.

ಆ ದಿನ ಬೆಳಿಗ್ಗೆ ಗುರುಗಳು ಸ್ನಾನಕ್ಕೆ ಹೋಗಿದ್ದಾಗ ಒಬ್ಬ ಹೆಣ್ಣುಮಗಳು ಮಠಕ್ಕೆ ಬಂದಿದ್ದಳು. ಏನೋ ಹೇಳಿಕೊಂಡಳು. ಮಡಿವಾಳಯ್ಯ ಗುರುಗಳ ಹಾಗೆಯೇ ತಲೆಯನ್ನು ಒಂದು ಬದಿಗೆ ವಾಲಿಸಿ, ಕಣ್ಣು ಅರೆಮುಚ್ಚಿ ಕುಳಿತಿದ್ದ. ಆಕೆ ಮಾತು ಮುಗಿಸಿದ ಮೇಲೆ ಕೈ ಎತ್ತಿ ಹರಸಿ ಕಳಿಸಿದ. ಹೋಗುವಾಗ ಆಕೆ ಬಾಗಿಲಲ್ಲಿ ನಿಂತು, “ತೇಟ್ ಅಜ್ಜಾರನ್ನ ನೋಡಿದಂಗಾತು” ಎಂದಳು.

ತಲೆ ವಾಲಿಸುವುದು ಗುರುಗಳ ರೂಢಿ. ಅದೊಂದು ಯೋಗದ ಮುದ್ರೆ ಎಂದು ಸುತ್ತಲ ಹಳ್ಳಿಗಳಲ್ಲಿ ನಂಬಿಕೆಯಿತ್ತು. ಅದನ್ನು ಕಲಿಯಲು ಮಡಿವಾಳಯ್ಯ ಬಹಳ ಕಷ್ಟಪಟ್ಟಿದ್ದ. ಕತ್ತು ಹಿಡಿದುಕೊಂಡು ಎಣ್ಣೆ ತಿಕ್ಕಿಸಿಕೊಂಡದ್ದೂ ಉಂಟು. ಆಕೆಯ ಮಾತಿನಿಂದ ಪಟ್ಟ ಆಗಲೇ ಆಗಿಹೋದಷ್ಟು ಸಂತೋಷ ಅವನಿಗೆ. ಸಂತೋಷ ತಡೆಯಲಾರದೆ ಗುರುಗಳಿಗೆ ಹೇಳಿದ. ಹೇಳಿ, ಈ ಪ್ರಶ್ನೆ ಕೇಳಿದ.

“ಕುಂದ್ರು” ಎಂದರು ಗುರುಗಳು. ಆಮೇಲೆ ಕತೆ ಹೇಳತೊಡಗಿದರು.

ದಿಲ್ಲಿಯ ಕಡೆ ಒಬ್ಬ ಪಾದಶಹ ಇದ್ದ. ಮೊಗಲರಲ್ಲಿ ಅವನು ಎಷ್ಟನೆಯವನು ಎಂದು ಕೇಳಬೇಡ, ನನಗೆ ಗೊತ್ತಿಲ್ಲ. ದೊಡ್ಡವನು ಎಂಬುದಂತೂ ನಿಜ. ಕಾಬೂಲಿನಲ್ಲಿ ಅವನ ಕುದುರೆ ಕೆಮ್ಮಿದರೆ ನಮ್ಮ ಕೃಷ್ಣೆಯ ದಂಡೆಯಲ್ಲಿ ಸುಭೇದಾರರು ಎದ್ದು ನಿಲ್ಲುತ್ತಿದ್ದರು. ಅವನು ಗೆದ್ದ ಕೋಟೆಗಳು ಬಹಳ. ಗೆದ್ದದ್ದು ಮರೆತು ಒಂದೆರಡು ಕೋಟೆಗೆ ಮತ್ತೆ ದಂಡು ಕಳಿಸಿದ್ದನಂತೆ. ಒಳಗೆ ಅವನದೇ ಸೈನಿಕರಿದ್ದರು. ಅವರೂ ಹುಕುಮಿಗೆ ಹೆದರಿ ಎರಡು ದಿನ ಕಾದಿ ಸೋತರು.

ಬದುಕಿರುವಾಗಲೇ ಅವನು ತನ್ನ ಗೋರಿ ಕಟ್ಟಿಸಿದ. ಅದು ಆ ಮನೆತನದ ಪದ್ಧತಿ. ಬಿಳಿಯ ಕಲ್ಲು, ಸುತ್ತ ತೋಟ, ನಡುವೆ ನೀರಿನ ಕಾಲುವೆ. ಮುಗಿದ ಮೇಲೆ ಒಳಗೆ ಹೋಗಿ ಒಮ್ಮೆ ಮಲಗಿ ನೋಡಿದ. ಕಾಲು ಚಾಚಿದರೆ ಗೋಡೆ ತಾಗಿತು. “ಇಲ್ಲಿ ನಾ ಕಯಾಮತ್ತಿನ ತನಕ, ಲೋಕ ಮುಗಿಯುವ ತನಕ ಮಲಗಬೇಕು, ಮೊಣಕಾಲು ಮಡಚಿಕೊಂಡು ಮಲಗಲೇನು?” ಎಂದು ಸಿಟ್ಟು ಮಾಡಿದ. ಗೋಡೆ ಒಡೆದು ಮತ್ತೆ ಕಟ್ಟಿದರು.

ಅವನ ಅರಮನೆಯಲ್ಲಿ ಒಂದು ರೂಢಿ ಇತ್ತು. ದಿನಾ ಹೊತ್ತು ಮೂಡುವಾಗ ಪಾದಶಹ ಕೋಟೆಗೋಡೆಯ ಮೇಲಿನ ಒಂದು ಕಿಟಕಿಗೆ ಬಂದು ಮುಖ ತೋರಿಸಬೇಕು. ಕೆಳಗೆ ಬಯಲಿನಲ್ಲಿ ಜನ ಸೇರಿರುತ್ತಿದ್ದರು. ಮುಖ ಕಂಡರೆ ಪಾದಶಹ ಬದುಕಿದ್ದಾನೆ, ರಾಜ್ಯ ನೆಟ್ಟಗಿದೆ ಎಂದರ್ಥ. ಕಾಣದಿದ್ದರೆ ಅಂಗಡಿಯವರು ಬಾಗಿಲು ಹಾಕುತ್ತಿದ್ದರು, ಪಾದಶಹನ ಮಕ್ಕಳು ಕತ್ತಿ ಮಸೆಯುತ್ತಿದ್ದರು. ಮಕ್ಕಳು ಮೂವರು. ಒಬ್ಬೊಬ್ಬನು ಒಂದೊಂದು ದಿಕ್ಕಿನ ಸುಭೆಯಲ್ಲಿ, ದೂರದ ಪ್ರಾಂತದಲ್ಲಿದ್ದ. ಒಂದೇ ಊರಿನಲ್ಲಿಟ್ಟರೆ ಒಬ್ಬನೇ ಉಳಿದಾನು ಎಂಬ ಭಯ ತಂದೆಗೆ.

ಆ ಬಯಲಿಗೆ ಬರುವವರಲ್ಲಿ ಕೆಲವರು ವ್ರತ ಹಿಡಿದಿದ್ದರು. ಪಾದಶಹನ ಮುಖ ನೋಡದೆ ಬಾಯಿಗೆ ತುತ್ತು ಹಾಕುವುದಿಲ್ಲ ಎಂಬ ವ್ರತ. ನಾವು ಲಿಂಗಪೂಜೆ ಆಗದೆ ಉಣ್ಣುವುದಿಲ್ಲವಲ್ಲ, ಹಾಗೆ. ನಗಬೇಡ. ಹೊಟ್ಟೆಗೂ ಭಕ್ತಿಗೂ ಗಂಟು ಹಾಕಿದ್ದು ನಾವೊಬ್ಬರೇ ಅಲ್ಲ.

ಕಿಟಕಿಯ ಕೆಳಗೆ, ಗೋಡೆಗೆ ಆತು, ಒಬ್ಬ ಜಿಲೇಬಿ ಮಾರುವವನು ಒಲೆ ಹೂಡಿದ್ದ. ಜಾಣ ಜಾಗ ಹಿಡಿದಿದ್ದ. ಹಸಿದ ಜನ ಅಷ್ಟು ಒಟ್ಟಿಗೆ ಇನ್ನೆಲ್ಲಿ ಸಿಗಬೇಕು? ಮೇಲೆ ಕಿಟಕಿಯ ಪರದೆ ಅಲುಗಿದೊಡನೆ ಅವನು ಬಾಣಲೆಗೆ ಹಿಟ್ಟು ಬಿಡುತ್ತಿದ್ದ. ಪಾದಶಹ ಮುಖ ತೋರಿಸುವುದಕ್ಕೂ ಜಿಲೇಬಿ ಕೆಂಪಗಾಗುವುದಕ್ಕೂ ಸರಿಹೋಗುತ್ತಿತ್ತು. ಜನ ಮೇಲೆ ನೋಡಿ ಸಲಾಮು ಮಾಡುತ್ತಿದ್ದರು, ತಿರುಗಿ ಜಿಲೇಬಿಗೆ ಓಡುತ್ತಿದ್ದರು.

ಪಾದಶಹನಿಗೆ ಇದು ಬಹಳ ವರ್ಷ ತಿಳಿದಿರಲಿಲ್ಲ. ದೊಡ್ಡವರು ಕಿಟಕಿಯಲ್ಲಿ ನಿಂತಾಗ ದೂರ ನೋಡುವುದು ವಾಡಿಕೆ. ಒಂದು ದಿನ ಅಕಸ್ಮಾತ್ ಕೆಳಗೆ ನೋಡಿದ. ಕಂಡದ್ದು ಬರೀ ಬೆನ್ನುಗಳು.

ಅವನ ಮುಖ ಸಪ್ಪಗಾಯಿತು. ವಜೀರನನ್ನು ಕರೆದು ಕೇಳಿದ.

“ನಾ ಒಂದಿನ ಕಿಟಕಿಗೆ ಬರಲಿಲ್ಲಂದ್ರ ಇವರೇನು ಮಾಡ್ತಾರ?”

“ಊರಿಗೆ ಊರೇ ಉಪವಾಸ ಬೀಳತೈತ್ರಿ ಸರ್ಕಾರ. ಹಸುಗೂಸು ಸುದ್ದಾ ಹಾಲು ಕುಡಿಯೂದಿಲ್ಲ” ಎಂದ ವಜೀರ.

ಹೊಗಳಿಕೆಗೆ ತೂಕವಿಲ್ಲ, ಎಷ್ಟು ಹೊತ್ತರೂ ಬೆನ್ನು ನೋಯುವುದಿಲ್ಲ. ಆದರೂ ಪಾದಶಹನಿಗೆ ಅನುಮಾನ ಹೋಗಲಿಲ್ಲ. ಮರುದಿನ ಬೇಕೆಂದೇ ಕಿಟಕಿಗೆ ಹೋಗಲಿಲ್ಲ. ಮೈ ನೆಟ್ಟಗಿದ್ದರೂ ಹೊದ್ದು ಮಲಗಿದ.

ಕೆಳಗೆ ಜನ ಕಾದರು. ಬಿಸಿಲು ಏರಿತು. ಹೊಟ್ಟೆ ಚುರುಗುಟ್ಟಿತು. ವ್ರತದವರಲ್ಲಿ ಒಬ್ಬ ಓದಿದವನಿದ್ದ. ಅವನು ಸ್ವಲ್ಪ ಯೋಚಿಸಿ, “ಪಾದಶಹನ ಆನೆ ನೋಡಿದರೂ ನಡೆಯುತ್ತದೆ, ಆನೆ ಪಾದಶಹನನ್ನು ನೋಡಿರುತ್ತದೆ” ಎಂದ. ಆನೆ ಆ ದಿನ ಹೊಳೆಗೆ ಹೋಗಿತ್ತು. ಅವನು ಇನ್ನೂ ಸ್ವಲ್ಪ ಯೋಚಿಸಿ, “ಕಿಟಕಿ ನೋಡಿದರೂ ನಡೆಯುತ್ತದೆ” ಎಂದ. ಎಲ್ಲರೂ ಕಿಟಕಿಗೆ ಸಲಾಮು ಮಾಡಿ ತಿಂದರು. ಆ ದಿನ ಜಿಲೇಬಿ ಎಂದಿಗಿಂತ ಹೆಚ್ಚು ಖರ್ಚಾಯಿತು, ಹಸಿವು ಹೆಚ್ಚಿತ್ತಲ್ಲ.

ಸಂಜೆ ಪಾದಶಹನಿಗೆ ಸುದ್ದಿ ಮುಟ್ಟಿತು. ಮೂರು ದಿಕ್ಕಿನ ರಾಜ್ಯ ಗೆದ್ದವನಿಗೆ ಒಂದೇ ಒಂದು ಆಸೆ ಉಳಿಯಿತು. ತಾನು ಕಾಣದ ದಿನ ಒಬ್ಬನಾದರೂ ಹಸಿದಿರಬೇಕು. ಒಬ್ಬನೇ ಸಾಕು. ಆದರೆ ಇಂಥ ಆಸೆಯನ್ನು ಪಾದಶಹನಾದವನು ಯಾರ ಹತ್ತಿರ ಹೇಳಿಕೊಳ್ಳಬೇಕು? ಹೇಳಿದರೆ ವಜೀರ ನೂರು ಜನರನ್ನು ಹಿಡಿದು ತಂದು ಉಪವಾಸ ಕೆಡವುತ್ತಿದ್ದ. ಅವನು ಹೇಳಲಿಲ್ಲ. ಮತ್ತೆ ದಿನಾ ಕಿಟಕಿಗೆ ಹೋದ, ಬೆನ್ನುಗಳನ್ನು ನೋಡಿ ಬಂದ.

ಹೀಗಿರುವಾಗ ಪಾದಶಹನಿಗೆ ನಿಜವಾಗಿಯೂ ಕಾಯಿಲೆ ಬಂತು. ಕಾಲು ಬೀಗಿದವು, ಉಸಿರು ಸಿಕ್ಕಿಕೊಂಡಿತು. ಏಳಲಾರ. ಹಕೀಮ ಬಂದು ನಾಡಿ ಹಿಡಿದು, ಬಾರ್ಲಿ ಗಂಜಿಯ ಹೊರತು ಇನ್ನೇನೂ ಕೊಡಕೂಡದು ಎಂದ. ವಜೀರನಿಗೆ ಗಂಜಿಯ ಚಿಂತೆಯಿರಲಿಲ್ಲ, ಕಿಟಕಿಯ ಚಿಂತೆ. ಈ ಸಲ ಜನ ಕಿಟಕಿ ನೋಡಿ ಉಂಡಾರು. ಆದರೆ ಆ ಜನರ ನಡುವೆ ಮೂವರು ಮಕ್ಕಳ ಬೇಹಿನವರು ನಿಂತಿರುತ್ತಾರೆ. ಅವರಿಗೆ ಬೇಕಾದದ್ದು ಮುಖ. ಅದು ಕಾಣದಿದ್ದರೆ ಮೂರು ದಿಕ್ಕಿನಿಂದ ದಂಡು ಬರುತ್ತದೆ.

ಯಾರನ್ನಾದರೂ ಪಾದಶಹನ ಉಡುಪಿನಲ್ಲಿ ಕಿಟಕಿಯಲ್ಲಿ ಕೂರಿಸಬೇಕು. ಯಾರನ್ನು? ಸರದಾರನನ್ನು ಕೂರಿಸಿದರೆ ಸುಲಭಕ್ಕೆ ಏಳುವುದಿಲ್ಲ. ನೆಂಟನನ್ನು ಕೂರಿಸಿದರೆ ಏಳುವುದೇ ಇಲ್ಲ. ವಿದೂಷಕ ನಕ್ಕುಬಿಡುತ್ತಾನೆ. ವಜೀರ ತಲೆ ಮೇಲೆ ಕೈ ಹೊತ್ತು ಕಿಟಕಿಯಿಂದ ಇಣುಕಿದ. ಕೆಳಗೆ ಜಿಲೇಬಿಯವನು ಪರದೆ ಅಲುಗಿತೆಂದು ಕತ್ತೆತ್ತಿ ನೋಡಿದ. ಅದೇ ಗಡ್ಡ, ಅದೇ ಮೂಗು, ಅದೇ ಹೊಟ್ಟೆ. ಇಷ್ಟು ವರ್ಷ ಇದನ್ನು ಯಾರೂ ಕಂಡಿರಲಿಲ್ಲ. ಪಾದಶಹನನ್ನು ನೋಡಿದವರು ಜಿಲೇಬಿ ನೋಡುತ್ತಿದ್ದರು, ಜಿಲೇಬಿಯವನನ್ನು ನೋಡುತ್ತಿರಲಿಲ್ಲ.

ಅವನನ್ನು ಹಿಂದಿನ ಬಾಗಿಲಿನಿಂದ ಕರೆತಂದರು. ಪೇಟ ಸುತ್ತಿದರು, ಮುತ್ತಿನ ಸರ ಹಾಕಿದರು, ಮೈಗೆ ಗುಲಾಬಿ ನೀರು ಚಿಮುಕಿಸಿದರು. ತುಪ್ಪದ ವಾಸನೆ ಹೋಗಲಿಲ್ಲ. “ಒಂದು ಮಾತು ಹೊರಗೆ ಬಿದ್ದರೆ ನಿನ್ನ ತಲೆ ಬೀಳುತ್ತದೆ” ಎಂದ ವಜೀರ. ಹೆಂಡತಿಗೆ ಸಹ ಹೇಳುವಂತಿರಲಿಲ್ಲ. ಗಂಡ ಅರಮನೆಯ ಅಡುಗೆಗೆ ಹೋಗಿದ್ದಾನೆ ಎಂದು ಆಕೆಗೆ ಹೇಳಿಕಳಿಸಿದರು. ಆಕೆ ತಾನೇ ಬಾಣಲೆಯ ಮುಂದೆ ನಿಂತಳು.

ಪರದೆ ಸರಿಯಿತು. ಜಿಲೇಬಿಯವನು ಪಾದಶಹನಾಗಿ ಕಿಟಕಿಯಲ್ಲಿ ಕುಳಿತ. ಕೆಳಗೆ ಜನ ಸಲಾಮು ಮಾಡಿದರು. ಕೈ ಕಾಲು ಆಡಿಸಬೇಡ, ದೂರ ನೋಡು ಎಂದು ವಜೀರ ಹೇಳಿಕೊಟ್ಟಿದ್ದ. ದೂರ ನೋಡಲು ಅವನಿಗೆ ಎಲ್ಲಿ ಬರಬೇಕು? ಹುಟ್ಟಿದಾಗಿನಿಂದ ನೋಡಿದ್ದು ಬಾಣಲೆ. ಕಣ್ಣು ತಾನಾಗಿ ಅಲ್ಲಿಗೇ ಹೋಯಿತು. ಬಾಣಲೆ ಹೊಗೆಯಾಡುತ್ತಿತ್ತು. ಆಕೆ ಇನ್ನೂ ಸೌದೆ ಒಟ್ಟುತ್ತಿದ್ದಳು.

ಅವನಿಗೆ ಜೀವ ತಡೆಯಲಿಲ್ಲ. ಅಂಗೈ ಕೆಳಗೆ ಮಾಡಿ ಗಾಳಿಯನ್ನು ಮೆಲ್ಲಗೆ ತಟ್ಟಿದ. ಉರಿ ಸಣ್ಣ ಮಾಡು ಎಂದು ಅವನು ದಿನಾ ಆಕೆಗೆ ಮಾಡುವ ಸನ್ನೆ ಅದು.

ಬಯಲಿನಲ್ಲಿದ್ದ ಜನವೆಲ್ಲ ದಡಬಡ ಕೂತುಬಿಟ್ಟರು.

ಪಾದಶಹನು ಎಂದೂ ಕೈ ಎತ್ತಿದವನಲ್ಲ. ಇಂದು ಎತ್ತಿದ್ದಾನೆ. ಏಕೆಂದು ಯಾರಿಗೂ ತಿಳಿಯಲಿಲ್ಲ. ಕೂರಲು ಹೇಳಿದ ಎಂದರು ಕೆಲವರು. ಶಾಂತಿಯಿಂದಿರಿ ಎಂದ ಎಂದರು ಕೆಲವರು. ಆ ಓದಿದವನು, ಆಕಾಶದ ಕೃಪೆಯನ್ನು ಭೂಮಿಗೆ ಇಳಿಸಿದ ಎಂದ. ಮೂವರು ಬೇಹಿನವರು ಮೂರು ದಿಕ್ಕಿಗೆ ಓಲೆ ಬರೆದರು: ಪಾದಶಹ ಮೊದಲಿಗಿಂತ ಗಟ್ಟಿಯಾಗಿದ್ದಾನೆ, ಒಂದೇ ಕೈಯಲ್ಲಿ ಇಡೀ ಊರನ್ನು ಕೂರಿಸುತ್ತಾನೆ. ಮಕ್ಕಳು ಹಲ್ಲು ಕಡಿದು ಕತ್ತಿ ಒರೆಗೆ ಹಾಕಿದರು.

ಕೂರದೆ ಉಳಿದವಳು ಒಬ್ಬಳೇ, ಜಿಲೇಬಿಯವನ ಹೆಂಡತಿ. ಆಕೆ ಕತ್ತೆತ್ತಿ ನೋಡಿದಳು. ಗಂಡನ ಕೈ ಯಾವ ಹೆಂಡತಿಗೆ ಗುರುತು ಸಿಗುವುದಿಲ್ಲ? ಮುತ್ತಿನ ಸರ ಹಾಕಿದರೂ ಅದು ಉರಿಯ ವಿಷಯದಲ್ಲಿ ತಪ್ಪು ಹುಡುಕುವ ಕೈಯೇ. ಆಕೆ ಸಿಟ್ಟಿನಿಂದ ಜಿಲೇಬಿ ತೆಗೆಯುವ ಜಾರಿಯನ್ನು ಎತ್ತಿ ಕಿಟಕಿಯ ಕಡೆ ಅಲ್ಲಾಡಿಸಿದಳು, ನನಗೆ ಗೊತ್ತು ಸುಮ್ಮನಿರು ಎಂಬಂತೆ. ಕಾವಲಿನವರು ಹೌಹಾರಿದರು. ಕಿಟಕಿಯ ಪಾದಶಹ ತಟ್ಟನೆ ಕೈ ಇಳಿಸಿ ದೂರ ನೋಡತೊಡಗಿದ.

“ನಿನ್ನ ಗಂಡ ಎಲ್ಲಿ?” ಎಂದು ಜನ ಕೇಳಿದರೆ ಆಕೆ, “ಮ್ಯಾಲ ಹೋಗ್ಯಾನ” ಎನ್ನುತ್ತಿದ್ದಳು. ತೀರಿಕೊಂಡನೆಂದು ಕೆಲವರು ಮರುಗಿದರು. ಆಕೆ ಗುಟ್ಟು ಬಿಡಲಿಲ್ಲ.

ಇನ್ನು ಒಳಗಿನ ಮಾತು ಕೇಳು. ಪರದೆ ಹಾಕಿದ ಮೇಲೆ ಜಿಲೇಬಿಯವನಿಗೆ ಪಾದಶಹನ ಊಟ ಬಡಿಸಿದರು. ಬೆಳ್ಳಿಯ ತಟ್ಟೆ, ಕೇಸರಿ ಅನ್ನ, ಬಗೆಬಗೆಯ ಮಾಂಸ. ಅವನು ಮುಟ್ಟಲಿಲ್ಲ.

“ಯಾಕೆ?” ಎಂದ ವಜೀರ.

“ನಂದು ವ್ರತ ಐತ್ರಿ. ಪಾದಶಹರ ಮುಖ ನೋಡದ ಉಣ್ಣೂದಿಲ್ರಿ.”

ವಜೀರನಿಗೆ ನಗು ಬಂತು. ಕನ್ನಡಿ ತರಿಸಿ ಅವನ ಮುಂದೆ ಹಿಡಿದ. ಜಿಲೇಬಿಯವನು ಕನ್ನಡಿಯಲ್ಲಿ ಬಹಳ ಹೊತ್ತು ನೋಡಿ, ಪೇಟ ಚೆನ್ನಾಗಿದೆ ಎಂದ. ಉಣ್ಣಲಿಲ್ಲ. ಕಿಟಕಿ ನೋಡಿ ಉಣ್ಣು ಎಂದರು. ಕಿಟಕಿಯಲ್ಲಿ ನಾನೇ ಕೂತಿದ್ದೆನಲ್ಲ ಎಂದ. ಹಿಂದೆ ಪಾದಶಹ ಬೇಕೆಂದೇ ಮಲಗಿದ ದಿನ ಊರೆಲ್ಲ ಉಂಡಾಗಲೂ ಇವನು ಉಂಡಿರಲಿಲ್ಲ. ಎಲ್ಲರಿಗೂ ಕೊಟ್ಟು, ಪಾಕದ ಪಾತ್ರೆ ತೊಳೆದು, ನೀರು ಕುಡಿದು ಮಲಗಿದ್ದ. ಅದನ್ನು ಯಾರೂ ಗಮನಿಸಿರಲಿಲ್ಲ. ಜಿಲೇಬಿ ಮಾರುವವನು ಹಸಿದಿರಬಹುದು ಎಂದು ಯಾರಿಗೆ ಹೊಳೆಯುತ್ತದೆ?

ಮರುದಿನವೂ ಉಣ್ಣಲಿಲ್ಲ. ಅದರ ಮರುದಿನ ಕಿಟಕಿಯಲ್ಲಿ ಕೂತಾಗ ತಲೆ ತಿರುಗಿ ಮುಂದಕ್ಕೆ ವಾಲಿದ. ಹಿಂದಿನಿಂದ ಸೊಂಟದ ಪಟ್ಟಿ ಹಿಡಿದು ಎಳೆಯಬೇಕಾಯಿತು. ಪಾದಶಹ ಕಿಟಕಿಯಿಂದ ಬಿದ್ದರೆ ರಾಜ್ಯ ಬಿದ್ದ ಹಾಗೆ. ವಜೀರ ಬೇರೆ ದಾರಿ ಕಾಣದೆ ಅವನನ್ನು ಕಾಯಿಲೆಯವನ ಕೋಣೆಗೆ ಕರೆದೊಯ್ದ.

ಪಾದಶಹ ಕಣ್ಣು ಮುಚ್ಚಿ ಮಲಗಿದ್ದ. ಹೆಜ್ಜೆ ಸಪ್ಪಳ ಕೇಳಿ ಕಣ್ಣು ಬಿಟ್ಟ. ಎದುರಿಗೆ ತಾನೇ ನಿಂತಿದ್ದಾನೆ. ಪ್ರಾಣ ಹೋಯಿತೇ ಎಂದು ಅವನಿಗೆ ಅನುಮಾನ ಬಂತು. ಆದರೆ ಎದುರಿನವನ ಮೈಯಿಂದ ತುಪ್ಪದ ವಾಸನೆ ಬರುತ್ತಿತ್ತು. ಸ್ವರ್ಗದಲ್ಲಿ ಆ ವಾಸನೆ ಇರಬಹುದು, ಇಂಥ ಹೊಟ್ಟೆ ಇರಲಾರದು.

“ಯಾರಪಾ ನೀ? ಯಾಕ ಬಂದಿ?”

“ಹಸಿವಾಗೈತ್ರಿ ಸರ್ಕಾರ.”

“ಹಸಿವಾದ್ರ ಉಣ್ಣಬೇಕು.”

“ನಿಮ್ಮ ಮುಖ ನೋಡಿರಲಿಲ್ರಿ.”

ಪಾದಶಹ ಅವನನ್ನೇ ನೋಡಿದ. ಎಷ್ಟು ದಿನದಿಂದ ಉಂಡಿಲ್ಲ ಎಂದು ಕೇಳಿದ. ತಾನು ಮಲಗಿದ ದಿನದಿಂದ ಎಂದು ತಿಳಿಯಿತು. ಹಿಂದೊಂದು ದಿನ ಕಿಟಕಿಗೆ ಬರಲಿಲ್ಲವಲ್ಲ, ಆವತ್ತು ಏನು ಮಾಡಿದೆ ಎಂದು ಕೇಳಿದ. ಆವತ್ತೂ ಉಂಡಿರಲಿಲ್ಲ ಎಂದು ತಿಳಿಯಿತು. ಪಾದಶಹನ ಕಣ್ಣಲ್ಲಿ ನೀರು ಬಂತು. ಆಮೇಲೆ ನಗು ಬಂತು. ಎಷ್ಟೋ ವರ್ಷದ ಮೇಲೆ ಅವನು ನಕ್ಕ. ಹೊರಗಿದ್ದ ಹಕೀಮ, ಇದು ಕೊನೆಯ ಬಿಕ್ಕಳಿಕೆ ಇರಬೇಕು ಎಂದು ಓಡಿ ಬಂದ. ಪಾದಶಹ ಅವನನ್ನೂ ವಜೀರನನ್ನೂ ಆಚೆಗೆ ಕಳಿಸಿದ.

“ನಾ ಇಷ್ಟು ವರ್ಷ ನಿನ್ನ ತಲಿ ಮ್ಯಾಲೇ ನಿಂತೀನಿ. ದಿನಾ ಆ ವಾಸನಿ ಮೂಗಿಗೆ ಬಡೀತಿತ್ತು. ಒಂದಿನಾನೂ ಬಿಸಿ ಜಿಲೇಬಿ ತಿಂದಿಲ್ಲ” ಎಂದ ಪಾದಶಹ.

ಅದು ನಿಜ. ಅವನ ತಟ್ಟೆಗೆ ಬರುವ ಪ್ರತಿಯೊಂದನ್ನೂ ವಿಷದ ಭಯಕ್ಕೆ ಮೊದಲು ಒಬ್ಬ ತಿನ್ನಬೇಕು, ಅವನು ಬದುಕಿದ್ದಾನೆಯೇ ಎಂದು ಕಾಯಬೇಕು, ಆಮೇಲೆ ಇನ್ನೊಬ್ಬ ತಿನ್ನಬೇಕು. ಕಾಬೂಲಿನಿಂದ ಕೃಷ್ಣೆಯವರೆಗೆ ಆಳಿದವನು ಬಿಸಿಯಾದ ಪದಾರ್ಥ ಕಂಡಿರಲಿಲ್ಲ.

ಜಿಲೇಬಿಯವನು ಕಿಟಕಿಯ ಪರದೆಯಿಂದ ಕೈ ಹೊರಗೆ ಚಾಚಿ ಹೆಂಡತಿಗೆ ಸನ್ನೆ ಮಾಡಿದ. ಕೆಳಗಿದ್ದ ನಾಲ್ಕಾರು ಜನ, ಹೊತ್ತಲ್ಲದ ಹೊತ್ತಿನಲ್ಲಿ ದರ್ಶನವಾಯಿತೆಂದು ಮತ್ತೆ ಕೂತರು. ಆಕೆ ಎಲೆಯಲ್ಲಿ ಕಟ್ಟಿ, ಬುಟ್ಟಿಯಲ್ಲಿಟ್ಟು, ಅವನು ಇಳಿಬಿಟ್ಟ ಹಗ್ಗಕ್ಕೆ ಬಿಗಿದು ಕೊಟ್ಟಳು. ಅವನು ಮೇಲೆಳೆದುಕೊಂಡು ಕಾಯಿಲೆಯವನ ಕೋಣೆಗೆ ತಂದ. ಪಾದಶಹ ಒಂದು ತಿಂದ. ಪಾಕ ಗಡ್ಡಕ್ಕೆ ಇಳಿಯಿತು. ಜಿಲೇಬಿಯವನು ಅವನ ಮುಖ ನೋಡಿದ, ತಾನೂ ಒಂದು ತಿಂದ. ಬಾರ್ಲಿ ಗಂಜಿ ಮೂಲೆಯಲ್ಲಿ ಆರುತ್ತಿತ್ತು.

ಅಂದಿನಿಂದ ದಿನಾ ಹೀಗೇ ನಡೆಯಿತು. ಪಾದಶಹ ಹಕೀಮನ ಲೆಕ್ಕಕ್ಕಿಂತ ಹೆಚ್ಚು ದಿನ ಬದುಕಿದ. ಗಂಜಿಯ ಗುಣ ಎಂದು ಹಕೀಮ ಹೇಳಿಕೊಂಡು ತಿರುಗಿದ. ಆದರೆ ಸಾವು ಜಿಲೇಬಿಯನ್ನೂ ಕೇಳುವುದಿಲ್ಲ, ಗಂಜಿಯನ್ನೂ ಕೇಳುವುದಿಲ್ಲ. ಒಂದು ದಿನ ಪಾದಶಹನಿಗೆ ಉಸಿರಾಟ ಕಷ್ಟವಾಯಿತು. ಕೊಟ್ಟ ಜಿಲೇಬಿಯನ್ನು ಬೇಡವೆಂದ. ಜಿಲೇಬಿಯವನು ಅವನ ಕಾಲ ಹತ್ತಿರ ಕೂತ.

“ನಾಳೆಯಿಂದ ನಾ ಯಾರ ಮುಖ ನೋಡಿ ಉಣ್ಣಲ್ರಿ?”

ಪಾದಶಹ ಯೋಚಿಸಿದ. “ನನ್ನ ಮಕ್ಕಳ ಮುಖ ನೋಡಬ್ಯಾಡ. ಅವರ ಮುಖ ನೋಡಿದರ ಇದ್ದ ಹಸಿವೂ ಹೋಗತೈತಿ” ಎಂದ. ಆಮೇಲೆ, “ಹಸದವನ ಮುಖ ನೋಡು. ಇಷ್ಟು ದಿನ ನನ್ನ ನೋಡಿದೆಲ್ಲ, ಹಂಗ. ಬಿಸೀದು ಒಂದು ಅವಗ ಕೊಡು, ಆಮ್ಯಾಲ ನೀ ತಿನ್ನು” ಎಂದ.

ಅದೇ ಅವನ ಕೊನೆಯ ಹುಕುಮು. ಅದನ್ನು ಬರೆದುಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಅಂದು ಮಧ್ಯಾಹ್ನ ಪಾದಶಹ ತೀರಿಕೊಂಡ. ಜಿಲೇಬಿಯವನು ಅವನ ಗಡ್ಡಕ್ಕೆ ಅಂಟಿದ್ದ ಹಳೆಯ ಪಾಕವನ್ನು ಒದ್ದೆ ಬಟ್ಟೆಯಿಂದ ಒರೆಸಿದ, ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತ. ಜೋರಾಗಿ ಅತ್ತರೆ ರಾಜ್ಯಕ್ಕೆ ಗೊತ್ತಾಗುತ್ತದೆಂದು ವಜೀರ ಬಾಯಿ ಮುಚ್ಚಿಸಿದ್ದ. ಪಾದಶಹನಿಗಾಗಿ ಅಲ್ಲಿ ಅತ್ತವನು ಅವನೊಬ್ಬನೇ. ಉಳಿದವರಿಗೆಲ್ಲ ಕೆಲಸವಿತ್ತು.

ವಜೀರ ಮೂವರು ಮಕ್ಕಳಿಗೂ ಗುಟ್ಟಾಗಿ ಹೇಳಿಕಳಿಸಿದ. ಮೂವರಿಗೂ, ನಿನಗೊಬ್ಬನಿಗೇ ಹೇಳಿದ್ದೇನೆ ಎಂದು ಹೇಳಿಸಿದ. ಅವರು ಬಂದು ಬಡಿದಾಡಿ ಮುಗಿಸುವವರೆಗೆ ಜಿಲೇಬಿಯವನು ದಿನಾ ಕಿಟಕಿಯಲ್ಲಿ ಕೂತ. ಸತ್ತ ಪಾದಶಹ ರಾಜ್ಯವನ್ನು ನೆಮ್ಮದಿಯಿಂದ ಆಳಿದ. ಮಕ್ಕಳಲ್ಲಿ ಒಬ್ಬ ಮಣ್ಣಿಗೆ ಹೋದ, ಒಬ್ಬ ಸೆರೆಮನೆಗೆ ಹೋದ. ಉಳಿದ ನಡುವಿನವನು ಪಟ್ಟಕ್ಕೆ ಬಂದ. ತಂದೆಯ ಸಾವನ್ನು ಆಗ ಸಾರಿದರು. ದೊಡ್ಡ ಗೋರಿಯಲ್ಲಿ ಮಲಗಿಸಿದರು. ಕಾಲು ಚಾಚಲು ಬೇಕಾದಷ್ಟು ಜಾಗವಿತ್ತು. ಕಾಯಿಲೆಯಲ್ಲಿ ಮೈ ಸೊರಗಿದ್ದರಿಂದ ಇನ್ನೊಬ್ಬರು ಮಲಗುವಷ್ಟು ಉಳಿಯಿತು.

ಹೊಸ ಪಾದಶಹ ಕಿಟಕಿಗೆ ಬಂದ. ಮುತ್ತು, ರತ್ನ, ಎಲ್ಲವೂ ಇತ್ತು. ಎದೆ ಸೆಟೆಸಿ ದೂರ ನೋಡಿದ. ಜನ ನಿಂತೇ ಇದ್ದರು. ಯಾರೂ ಸಲಾಮು ಮಾಡಲಿಲ್ಲ. “ಇವನ್ಯಾರೋ ಬ್ಯಾರೆ” ಎಂಬ ಗುಜುಗುಜು ಎದ್ದಿತು. ಕಾವಲಿನವರು ಕತ್ತಿಗೆ ಕೈ ಹಾಕಿದರು. ಪರದೆಯ ಹಿಂದಿನಿಂದ ವಜೀರ, ಗಾಳಿ ತಟ್ಟಿ ಸರ್ಕಾರ, ಗಾಳಿ ತಟ್ಟಿ ಎಂದು ಪಿಸುಗುಟ್ಟಿದ. ಹೊಸ ಪಾದಶಹನಿಗೆ ಅರ್ಥವಾಗಲಿಲ್ಲ. ಆದರೂ ಅಂಗೈ ಕೆಳಗೆ ಮಾಡಿ ಗಾಳಿ ತಟ್ಟಿದ.

ಜನ ದಡಬಡ ಕೂತರು. ತಂದೆಯ ಕೈ! ತೇಟ್ ತಂದೆಯ ಕೈ! ಎಂದು ಮುದುಕರು ಕಣ್ಣೊರೆಸಿಕೊಂಡರು. ರಾಜ್ಯ ಅವನದಾಯಿತು.

ಆಮೇಲೆ ಅವನ ಮಗ ಹಾಗೇ ತಟ್ಟಿದ, ಮೊಮ್ಮಗನೂ ತಟ್ಟಿದ. ಎಷ್ಟು ಸಲ ತಟ್ಟಬೇಕು, ಯಾವ ಬೆರಳು ಮುಂದಿರಬೇಕು ಎಂದು ಆಸ್ಥಾನದಲ್ಲಿ ಎರಡು ಪಂಗಡವಾಗಿ ಜಗಳವಾಯಿತು. ಹೇಳಿಕೊಡಲು ಒಬ್ಬ ಅಧಿಕಾರಿಯೂ ನೇಮಕವಾದ. ಹುಟ್ಟಿದ ರಾಜಕುಮಾರನಿಗೆ ಕತ್ತಿ ಹಿಡಿಯಲು ಕಲಿಸುವ ಮೊದಲು ಇದನ್ನು ಕಲಿಸುತ್ತಿದ್ದರು.

ಜಿಲೇಬಿಯವನು ಮತ್ತೆ ಒಲೆಯ ಮುಂದೆ ಕೂತ. ಸುಮ್ಮನಿರುವುದಕ್ಕೆ ಎಂದು ಅವನಿಗೆ ಒಂದು ಶಾಲು ಕೊಟ್ಟಿದ್ದರು. ಅದನ್ನು ಮಡಚಿ ಕೂರುವ ಮಣೆಯ ಮೇಲೆ ಹಾಕಿಕೊಂಡ. ಮೊದಲ ದಿನ ಮೇಲೆ ಹೊಸ ಪಾದಶಹ ಗಾಳಿ ತಟ್ಟಿದಾಗ ಇವನ ಕೈ ತಾನಾಗಿ ಒಲೆಗೆ ಹೋಯಿತು. ಒಂದು ಕೊಳ್ಳಿ ಹೊರಗೆ ಎಳೆದ. ಹೆಂಡತಿ ಮೇಲೊಮ್ಮೆ ನೋಡಿ, ಇವನನ್ನೊಮ್ಮೆ ನೋಡಿ, “ಉರಿ ಸಣ್ಣದೇ ಐತಿ. ಆ ಮ್ಯಾಲಿನವಗ ಏನು ತಿಳಿತೈತಿ?” ಎಂದಳು. ಅವನು ಕೊಳ್ಳಿಯನ್ನು ಮತ್ತೆ ಒಳಗೆ ಇಟ್ಟ.

ಅವನು ಈಗ ಕಿಟಕಿ ನೋಡಿ ಉಣ್ಣುತ್ತಿರಲಿಲ್ಲ. ದಿನಾ ಮೊದಲ ಜಿಲೇಬಿ ತೆಗೆದೊಡನೆ ಕತ್ತೆತ್ತಿ ಬಯಲನ್ನು ಒಮ್ಮೆ ನೋಡುತ್ತಿದ್ದ. ಹಿಂದೆ ನಿಂತವನೊಬ್ಬ, ಕೈಯಲ್ಲಿ ಕಾಸಿಲ್ಲದೆ ಬರೀ ವಾಸನೆಗೆ ಬಂದವನೊಬ್ಬ ಇದ್ದೇ ಇರುತ್ತಿದ್ದ. ಅವನನ್ನು ಕರೆದು, ಮುಖ ನೋಡಿ, ಬಿಸಿಯಾದದ್ದೊಂದು ಕೊಡುತ್ತಿದ್ದ. ಆಮೇಲೆ ತಾನು ತಿನ್ನುತ್ತಿದ್ದ. ಅವನ ನಂತರ ಅವನ ಮಗ ಹಾಗೇ ಮಾಡಿದ. ಮೊಮ್ಮಗನೂ ಮಾಡಿದ. ಯಾಕೆಂದು ಕೇಳಿದರೆ, “ನಮ್ಮ ಅಜ್ಜನ ಪದ್ಧತಿ” ಎನ್ನುತ್ತಿದ್ದ. ಪಾದಶಹನ ಹೆಸರು ಅವನಿಗೆ ಗೊತ್ತಿರಲಿಲ್ಲ. ಊರ ಹೊರಗಿನ ಗೋರಿ ಯಾರದೆಂದು ಕೇಳಿದರೆ, ಯಾರೋ ಉದ್ದನೆಯ ಮನುಷ್ಯ ಇರಬೇಕು ಎನ್ನುತ್ತಿದ್ದ.

ಗುರುಗಳು ಕತೆ ನಿಲ್ಲಿಸಿ ತಂಬಿಗೆಯ ನೀರು ಕುಡಿದರು.

ಮಡಿವಾಳಯ್ಯ ಬಹಳ ನಕ್ಕಿದ್ದ. ನಗು ಮುಗಿದ ಮೇಲೆ ಪಟ್ಟಕ್ಕೆ ಬರುವವನಿಗೆ ತಕ್ಕ ಗಾಂಭೀರ್ಯ ತಂದುಕೊಂಡ. ರೂಢಿಯಂತೆ ತಲೆಯನ್ನು ಒಂದು ಬದಿಗೆ ವಾಲಿಸಿ, ಕಣ್ಣು ಅರೆಮುಚ್ಚಿ ಕೇಳಿದ.

“ಹಂಗಾದ್ರ ಪಾದಶಹಂದು ಅಂತ ಉಳಿದದ್ದು ಯಾವುದ್ರಿ ಅಜ್ಜಾರ? ಗೋರಿಯೋ, ಗಾಳಿ ತಟ್ಟೂ ಕೈಯೋ, ಜಿಲೇಬಿಯೋ?”

ಗುರುಗಳು ಅವನ ವಾಲಿದ ತಲೆಯನ್ನೇ ನೋಡಿದರು. ಕೈ ಚಾಚಿ ಅದನ್ನು ಮೆಲ್ಲಗೆ ನೆಟ್ಟಗೆ ನಿಲ್ಲಿಸಿದರು.

“ನನ್ನ ಬಲಗಿವಿ ಕಿವುಡು ಮಡಿವಾಳಯ್ಯಾ, ಬಂದವರ ಮಾತು ಕೇಳಸಲಿ ಅಂತ ತಲಿ ವಾಲಸ್ತೀನಿ, ನಿನ್ನ ಎರಡೂ ಕಿವಿ ನೆಟ್ಟಗದಾವು, ಮುಂಜಾನೆ ಆ ಹೆಣ್ಣುಮಗಳು ಏನಂದ್ಲು ಹೇಳು.”

ಮಡಿವಾಳಯ್ಯ ಎದ್ದು, ಆಕೆಯ ಮನೆ ಯಾವ ಕಡೆ ಎಂದು ಕೇಳಿಕೊಂಡು ಹೊರಟ.